ಸಕ್ಕರೆ ಕಮ್ಮಿ ಮಾಡ್ಕೊಂಡು ಮ್ಯಾರಥಾನ್‌ಗೆ ತಯಾರಾಗೋದು: ಏನು ಬಿಡಬೇಕು, ಏನು ಬಿಡಬಾರದು

ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಅಲ್ಲಿ ಫುಲ್ (42 ಕಿಲೋಮೀಟರ್) ಓಡಲು ಹೋಗುವವರ ತಯಾರಿ ಹೆಚ್ಚುಕಮ್ಮಿ ಸೆಪ್ಟೆಂಬರ್‌ಗೆ ಶುರುವಾಗುತ್ತದೆ. ಶೂ ಹೊಸದು, ಪ್ಲ್ಯಾನ್ ಹೊಸದು, ಜೊತೆಗೆ ಒಂದು ಹೊಸ ಪಣ: ಇವತ್ತಿಂದ ಸಕ್ಕರೆ ಬಂದ್. ಒಳ್ಳೆಯದೇ. ಆದರೆ ಸಕ್ಕರೆ ಬಿಡುತ್ತೇನೆ ಅಂದವರಲ್ಲಿ ಸುಮಾರು ಜನ ಅದರ ಜೊತೆಗೇ ಅನ್ನ, ಬಾಳೆಹಣ್ಣು, ಆಲೂಗಡ್ಡೆ ಎಲ್ಲಾ ಬಿಡುತ್ತಾರೆ, ಓಡುವಾಗ ಜೆಲ್ (ಹಿಂಡಿ ನುಂಗುವ ಸಿಹಿ ಪಾಕದ ಸಣ್ಣ ಪ್ಯಾಕೆಟ್) ಬೇಡ ಬರೀ ನೀರು ಸಾಕು ಅನ್ನುತ್ತಾರೆ, ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಕಾಲು ಎತ್ತಿಡಲು ಆಗುವುದಿಲ್ಲ, ನಿದ್ದೆ ಸರಿಯಾಗಿ ಬರುವುದಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಮೇಲೆ ಒಂದು ಭಾನುವಾರ ಬಿಟ್ಟಿದ್ದನ್ನೆಲ್ಲ ಒಟ್ಟಿಗೆ ತಿಂದು, ಸಕ್ಕರೆ ಬಿಡುವ ಯೋಚನೆಯನ್ನೇ ಬಿಟ್ಟುಬಿಡುತ್ತಾರೆ.

ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ. ಕೂತಲ್ಲಿ ತಿನ್ನುವ ಸಕ್ಕರೆ ಬಿಡಿ. ಓಡುವಾಗ ತಿನ್ನುವ ಸಕ್ಕರೆ ಬಿಡಬೇಡಿ. ಅನ್ನ, ಮುದ್ದೆ ಕಮ್ಮಿ ಮಾಡಬೇಡಿ. ಉಳಿದದ್ದೆಲ್ಲ ಈ ಮೂರನ್ನು ದಿನದ ಊಟ ತಿಂಡಿಯಲ್ಲಿ ಹೇಗೆ ತರುವುದು ಅನ್ನುವ ಲೆಕ್ಕ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಊಟ ಬದಲಾದರೆ, ಓಟ ಜಾಸ್ತಿಯಾದರೆ ಔಷಧಿಯ ಪ್ರಮಾಣವೂ ಬದಲಾಗಬೇಕಾಗುತ್ತದೆ, ಇಲ್ಲದಿದ್ದರೆ ರಸ್ತೆ ಮಧ್ಯದಲ್ಲೇ ಶುಗರ್ ಇಳಿದು ಬೀಳಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದ ಮಾತ್ರೆ ತಗೊಳ್ಳುವವರು ಕಾರ್ಬೋಹೈಡ್ರೇಟನ್ನು (ಪಿಷ್ಟ, ಸಕ್ಕರೆ ಎರಡೂ ಸೇರಿ; ಮುಂದೆ ಕಾರ್ಬ್ ಅನ್ನುತ್ತೇನೆ) ತೀರಾ ಇಳಿಸಿದರೆ ರಕ್ತದಲ್ಲಿ ಕೀಟೋನ್, ಅಂದರೆ ಕೊಬ್ಬು ಉರಿದಾಗ ಬರುವ ಆಮ್ಲ, ಏರುವ ಅಪಾಯವೂ ಇದೆ. ಇದನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ.

ಯಾವ ಸಕ್ಕರೆ ಬಿಡಬೇಕು

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ: ದಿನದ ಒಟ್ಟು ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇಕಡಾ 10 ದಾಟಬಾರದು, 5ರೊಳಗಿದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಆ 5 ಅಂದರೆ 25 ಗ್ರಾಂ. ಚಮಚದಲ್ಲಿ ಹೇಳುವುದಾದರೆ ಐದಾರು ಚಮಚ. ಈ ಲೆಕ್ಕದಲ್ಲಿ ಬರುವುದು ನಾವು ಬೆರೆಸುವ ಸಕ್ಕರೆ, ಬೆಲ್ಲ, ಜೇನುತುಪ್ಪ ಮತ್ತು ಹಣ್ಣಿನ ಜ್ಯೂಸ್. ಇಡೀ ಹಣ್ಣು, ಹಾಲು ಇದರಲ್ಲಿ ಬರುವುದಿಲ್ಲ. ಅನ್ನ, ರಾಗಿ, ಗೋಧಿಯೂ ಬರುವುದಿಲ್ಲ, ಅವು ಪಿಷ್ಟ.

ಈಗ ನಿಮ್ಮ ಕಾಫಿ ಲೋಟ ನೋಡಿ. ಲೋಟಕ್ಕೆ ಎರಡು ಚಮಚ ಹಾಕಿದರೆ 8ರಿಂದ 10 ಗ್ರಾಂ. ಬೆಳಗ್ಗೆ ಓಟಕ್ಕೆ ಮುಂಚೆ ಒಂದು, ತಿಂಡಿಯ ಜೊತೆ ಒಂದು, ಸಂಜೆ ಆಫೀಸಿನಲ್ಲಿ ಒಂದು. ಅಲ್ಲಿಗೆ 25 ಗ್ರಾಂ ಮುಗೀತು, ಇನ್ನೂ ಬಿಸ್ಕತ್ತಿಗೆ ಕೈ ಹೋಗಿಲ್ಲ, ರಾತ್ರಿಯ ಮಾಲ್ಟ್ ಪುಡಿ ಹಾಲಿಗೆ ಬಿದ್ದಿಲ್ಲ.

ಬೆಲ್ಲದ ವಿಚಾರ ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಸಕ್ಕರೆ ಬಿಟ್ಟೆ ಅನ್ನುವವರು ಹೆಚ್ಚಾಗಿ ಮಾಡುವುದು ಬೆಲ್ಲಕ್ಕೆ ಬದಲಾಯಿಸುವ ಕೆಲಸ. ಬೆಲ್ಲದಲ್ಲಿ ಸ್ವಲ್ಪ ಖನಿಜ ಇದೆ, ರುಚಿಯಂತೂ ಬೇರೆಯೇ. ಆದರೆ ಅದರ ಬಹುಪಾಲು ಸುಕ್ರೋಸ್, ಅಂದರೆ ಅದೇ ಸಕ್ಕರೆ. ಮೈಗೆ ಎರಡೂ ಒಂದೇ. ಬೆಲ್ಲದ ಕಾಫಿಯನ್ನೂ ಜೇನು ಹಾಕಿದ ಬಿಸಿನೀರನ್ನೂ ಅದೇ 25 ಗ್ರಾಂ ಲೆಕ್ಕಕ್ಕೆ ಸೇರಿಸಿ. ನಮ್ಮ ಅಡುಗೆಯಲ್ಲಿ ಸಾರು, ಹುಳಿ, ಗೊಜ್ಜು, ಪುಳಿಯೋಗರೆ, ಬಿಸಿಬೇಳೆಬಾತ್ ಎಲ್ಲದಕ್ಕೂ ಒಂದು ಚೂರು ಬೆಲ್ಲ ಬೀಳುತ್ತದೆ ಅಲ್ವಾ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಜನರ ಸಾರಿಗೆ ಹಾಕಿದ ಅಡಿಕೆ ಗಾತ್ರದ ಬೆಲ್ಲದಲ್ಲಿ ನಿಮ್ಮ ಪಾಲಿಗೆ ಬರುವುದು ಎಷ್ಟು ಮಹಾ. ಮನೆಯ ಸಾರಿನ ರುಚಿ ಕೆಡಿಸಿದರೆ ಮನೆಯವರೂ ನಿಮ್ಮ ಜೊತೆ ನಿಲ್ಲುವುದಿಲ್ಲ.

ಓಡುವಾಗಿನ ಸಕ್ಕರೆ ಯಾಕೆ ಬೇರೆ

ಮೈಯಲ್ಲಿ ಸಕ್ಕರೆ ಗ್ಲೈಕೋಜನ್ ಆಗಿ ಕೂಡಿಟ್ಟಿರುತ್ತದೆ. ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400–500 ಗ್ರಾಂ. ಎಲ್ಲ ಸೇರಿ 2000 ಕ್ಯಾಲೊರಿಯ ಆಸುಪಾಸು. ಓಟಕ್ಕೆ ಕಿಲೋಮೀಟರಿಗೆ, ಮೈತೂಕದ ಪ್ರತಿ ಕಿಲೋಗೆ ಸುಮಾರು 1 ಕ್ಯಾಲೊರಿ ಬೇಕು. 65 ಕಿಲೋ ಇರುವವರಿಗೆ 42 ಕಿಲೋಮೀಟರಿಗೆ 2700 ಹತ್ತಿರ ಹೋಗುತ್ತದೆ. ಅದರಲ್ಲಿ ಒಂದು ಪಾಲು ಕೊಬ್ಬಿನಿಂದ ಬರುತ್ತದೆ ನಿಜ, ಆದರೆ ವೇಗ ಜಾಸ್ತಿಯಾದಷ್ಟೂ ಮೈ ಸಕ್ಕರೆಯನ್ನೇ ಹೆಚ್ಚು ಉರಿಸುತ್ತದೆ. ಹಾಗಾಗಿಯೇ 30 ಕಿಲೋಮೀಟರ್ ದಾಟಿದ ಮೇಲೆ ‘ವಾಲ್’ ಬಂತು ಅನ್ನುವುದು, ಅಂದರೆ ಗೋಡೆಗೆ ಗುದ್ದಿದ ಹಾಗೆ ಶಕ್ತಿ ಒಮ್ಮೆಲೇ ಮುಗಿಯುವುದು. ಮುಂಬೈಯಲ್ಲಂತೂ ಪೆಡ್ಡರ್ ರೋಡಿನ ಏರು 35 ದಾಟಿದ ಮೇಲೆ ಬರುತ್ತದೆ, ಬಿಸಿಲೂ ಅಷ್ಟು ಹೊತ್ತಿಗೆ ಏರಿರುತ್ತದೆ.

ಇದು ಹೊಸ ವಿಷಯವಲ್ಲ. 1924ರಲ್ಲಿ ಬಾಸ್ಟನ್ ಮ್ಯಾರಥಾನ್ ಮುಗಿಸಿದ ಕೆಲವು ಓಟಗಾರರ ರಕ್ತ ಪರೀಕ್ಷೆ ಮಾಡಿದ ಡಾಕ್ಟರರಿಗೆ, ಸೋತು ಸುಣ್ಣವಾಗಿದ್ದವರ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿರುವುದು ಕಂಡಿತು. ಮುಂದಿನ ವರ್ಷ ಅದೇ ಓಟದಲ್ಲಿ ಕೆಲವರಿಗೆ ಮೊದಲೇ ಚೆನ್ನಾಗಿ ಕಾರ್ಬ್ ಇರುವ ಊಟ, ದಾರಿಯಲ್ಲಿ ಮಿಠಾಯಿ ಕೊಟ್ಟು ನೋಡಿದರು. ರಕ್ತದ ಸಕ್ಕರೆ ಇಳಿಯಲಿಲ್ಲ, ಓಟ ಮುಗಿಸಿದಾಗಿನ ಸ್ಥಿತಿಯೂ ಚೆನ್ನಾಗಿತ್ತು. ಜೆಲ್ ಅನ್ನುವುದು ಅದೇ ಮಿಠಾಯಿಯ ಇನ್ನೊಂದು ರೂಪ.

ಕೂತಾಗ ಕುಡಿದ ಸಿಹಿ ಕಾಫಿಗೂ ಓಡುವಾಗ ತಿಂದ ಜೆಲ್‌ಗೂ ಮೈಯೊಳಗೆ ನಡೆಯುವುದೇ ಬೇರೆ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ, ಅಲ್ಲೇ ಉರಿಸುತ್ತದೆ. ಕೂತಿರುವವರಿಗೆ ಅಷ್ಟು ಬೇಗ ಬಂದ ಸಕ್ಕರೆ ಬೇಕಾಗಿಯೇ ಇರುವುದಿಲ್ಲ.

‘ಹಾಗಾದರೆ ಮೈಗೆ ಕೊಬ್ಬನ್ನೇ ಉರಿಸುವ ಅಭ್ಯಾಸ ಮಾಡಿಸಿದರೆ ಆಯ್ತಲ್ಲ, ಕೀಟೋ (ಕಾರ್ಬ್ ತೀರಾ ಕಮ್ಮಿ, ಕೊಬ್ಬು ಜಾಸ್ತಿ ಇರುವ ಊಟ) ಮಾಡೋಣ’ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಆಸ್ಟ್ರೇಲಿಯಾದಲ್ಲಿ ಕ್ರೀಡಾ ಪೌಷ್ಟಿಕತೆಯ ಸಂಶೋಧಕಿ ಲೂಯಿಸ್ ಬರ್ಕ್ ಮತ್ತು ಜೊತೆಯವರು ಮೇಲ್ಮಟ್ಟದ ರೇಸ್ ವಾಕರ್‌ಗಳ ಮೇಲೆ ಇದನ್ನೇ ಮಾಡಿ ನೋಡಿದರು, ವರದಿ ಬಂದಿದ್ದು 2017ರಲ್ಲಿ. ಮೂರು ವಾರ ಕಾರ್ಬ್ ತೀರಾ ಇಳಿಸಿದವರ ಮೈ ಕೊಬ್ಬನ್ನು ಚೆನ್ನಾಗಿಯೇ ಉರಿಸಿತು. ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕಾಯಿತು. ಕಾರ್ಬ್ ತಿಂದವರು 10 ಕಿಲೋಮೀಟರ್ ರೇಸಿನಲ್ಲಿ ಸುಧಾರಿಸಿದರು, ಇವರು ಸುಧಾರಿಸಲಿಲ್ಲ. ಸಕ್ಕರೆ ಕಮ್ಮಿ ಮಾಡುವುದು ಒಂದು, ಕಾರ್ಬ್ ಕಮ್ಮಿ ಮಾಡುವುದು ಇನ್ನೊಂದು. ರೇಸಿಗೆ ತಯಾರಾಗುವಾಗ ಎರಡನೆಯದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ವಾರಗಳು

ಪ್ಲ್ಯಾನಿನ ಶುರುವಿನಲ್ಲೇ, ವಾರದ ಕಿಲೋಮೀಟರ್ ಇನ್ನೂ ಕಮ್ಮಿ ಇರುವಾಗಲೇ ಸಕ್ಕರೆ ಇಳಿಸಿ. 30 ಕಿಲೋಮೀಟರ್ ಲಾಂಗ್ ರನ್‌ಗಳು ಬರುವ ಡಿಸೆಂಬರ್‌ನಲ್ಲಿ ಊಟ ಬದಲಾಯಿಸುವುದು ಬೇಡ. ಟೇಪರ್‌ನಲ್ಲಂತೂ (ರೇಸಿಗೆ ಮುಂಚೆ ಓಟ ಕಮ್ಮಿ ಮಾಡುವ ಕೊನೆಯ ವಾರಗಳು) ಬೇಡವೇ ಬೇಡ.

ಮೊದಲು ಕುಡಿಯುವುದರಿಂದ ಶುರು ಮಾಡಿ. ಅತಿ ಹೆಚ್ಚು ಸಕ್ಕರೆ ಹೋಗುವುದು ಅಲ್ಲಿಂದಲೇ, ಬಿಟ್ಟರೆ ಹೊಟ್ಟೆಗೆ ಗೊತ್ತಾಗದಿರುವುದೂ ಅದೇ. ಕಾಫಿಗೆ ಎರಡು ಚಮಚ ಹಾಕುವವರು ಒಂದೂವರೆಗೆ ಇಳಿಸಿ, ನಾಲ್ಕೈದು ದಿನ ಬಿಟ್ಟು ಒಂದಕ್ಕೆ, ಆಮೇಲೆ ಅರ್ಧಕ್ಕೆ. ಒಂದೇ ಸಲ ಬಿಟ್ಟರೆ ಕಾಫಿ ಕಹಿ ಅನಿಸಿ ಮೂರನೇ ದಿನ ಮತ್ತೆ ಡಬ್ಬಿ ತೆಗೆಯುತ್ತೀರಿ. ನಿಧಾನಕ್ಕೆ ಇಳಿಸಿದವರಿಗೆ ಒಳ್ಳೆಯ ಡಿಕಾಕ್ಷನ್‌ನ ರುಚಿ ಗೊತ್ತಾಗಲು ಶುರುವಾಗುತ್ತದೆ, ಹಾಲಿನಲ್ಲೇ ಒಂದಿಷ್ಟು ಸಿಹಿ ಇದೆ ಅನ್ನುವುದೂ ಗೊತ್ತಾಗುತ್ತದೆ. ದರ್ಶಿನಿಯಲ್ಲಿ ‘ಒಂದು ವಿತೌಟ್’ ಅಂದರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ಬೇಕಾದರೆ ಪಕ್ಕದಲ್ಲಿ ಸಕ್ಕರೆ ಇರುತ್ತದೆ, ಅರ್ಧ ಚಮಚ ನೀವೇ ಹಾಕಿಕೊಳ್ಳಿ.

ಜ್ಯೂಸ್ ಅಂಗಡಿಯ ಮೂಸಂಬಿ ಜ್ಯೂಸಿಗೆ ಹಣ್ಣಿನ ಸಕ್ಕರೆಯ ಮೇಲೆ ಇನ್ನೊಂದು ಸೌಟು ಸಕ್ಕರೆ ಪಾಕ ಬೀಳುತ್ತದೆ. ಹಣ್ಣನ್ನೇ ತಿನ್ನಿ. 300 ಎಂಎಲ್ ಕೋಲಾದಲ್ಲಿ 30 ಗ್ರಾಂ ಮೇಲೆಯೇ ಸಕ್ಕರೆ ಇರುತ್ತದೆ, ಅದರ ಬಗ್ಗೆ ಜಾಸ್ತಿ ಹೇಳುವ ಅಗತ್ಯವಿಲ್ಲ. ಬಾಯಾರಿದರೆ ಉಪ್ಪು ಇಂಗು ಹಾಕಿದ ನೀರು ಮಜ್ಜಿಗೆಗಿಂತ ಒಳ್ಳೆಯದು ಇಲ್ಲ. ಎಳನೀರು ಕುಡಿಯಿರಿ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಲಾಂಗ್ ರನ್ ಆದ ಮೇಲೆ ಎಳನೀರಿನ ಜೊತೆ ಉಪ್ಪಿರುವ ತಿಂಡಿ ಇರಲಿ.

ಈ ಅಭ್ಯಾಸ ಕೂತ ಮೇಲೆ ಪ್ಯಾಕೆಟ್‌ಗಳಿಗೆ ಬನ್ನಿ. ಡಬ್ಬಿಯ ಮುಂಭಾಗ ಓದಬೇಡಿ, ಹಿಂದೆ ತಿರುಗಿಸಿ. ಪೌಷ್ಟಿಕಾಂಶದ ಪಟ್ಟಿಯಲ್ಲಿ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಅಂತ ಬೇರೆ ಬೇರೆ ಬರೆದಿರುತ್ತದೆ. ಎರಡನೆಯದನ್ನು ನೋಡಿ. ‘100 ಗ್ರಾಂಗೆ’ ಬರೆದಿದೆಯೋ ‘ಒಂದು ಸಲಕ್ಕೆ’ ಬರೆದಿದೆಯೋ ಅನ್ನುವುದನ್ನೂ ನೋಡಿ, ಯಾಕೆಂದರೆ ಒಂದು ಸಲಕ್ಕೆ ಅಂತ ಅವರು ಹಿಡಿಯುವ 30 ಗ್ರಾಂ ಗ್ರನೋಲಾದಲ್ಲಿ ಓಟ ಮುಗಿಸಿ ಬಂದವರ ಹೊಟ್ಟೆಯ ಒಂದು ಮೂಲೆಯೂ ತುಂಬುವುದಿಲ್ಲ. ಮಾರಿ ಬಿಸ್ಕತ್ತು, ಡೈಜೆಸ್ಟಿವ್ ಬಿಸ್ಕತ್ತು, ಪ್ರೋಟೀನ್ ಬಾರ್, ಫ್ಲೇವರ್ ಮೊಸರು, ಕಾರ್ನ್‌ಫ್ಲೇಕ್ಸ್, ಟೊಮೆಟೊ ಕೆಚಪ್, ಇವೆಲ್ಲ ಒಂದು ಸಲ ತಿರುಗಿಸಿ ನೋಡಬೇಕಾದ ಸಾಮಾನು.

‘ಶುಗರ್ ಫ್ರೀ’ ಅಂತ ಬರೆದದ್ದರ ಬಗ್ಗೆ ಇನ್ನಷ್ಟು ಎಚ್ಚರ. ಆ ಬಿಸ್ಕತ್ತಿನಲ್ಲಿ ಮೈದಾ ಇದ್ದೇ ಇರುತ್ತದೆ, ಸಿಹಿಗೆ ಮಾಲ್ಟಿಟಾಲ್, ಸಾರ್ಬಿಟಾಲ್ ಹಾಕಿರುತ್ತಾರೆ. ಇವು ಕೆಲವರಿಗೆ ಹೊಟ್ಟೆ ಉಬ್ಬರ, ಭೇದಿ ತರಿಸುತ್ತವೆ, ಮಾರನೇ ದಿನ 24 ಕಿಲೋಮೀಟರ್ ಇದ್ದರೆ ದಾರಿಯುದ್ದಕ್ಕೂ ಟಾಯ್ಲೆಟ್ ಹುಡುಕುವ ಪರಿಸ್ಥಿತಿ. ತೂಕ ಇಳಿಸಲು ಸುಕ್ರಲೋಸ್, ಸ್ಟೀವಿಯಾ ತರಹದ ಸಿಹಿಕಾರಕಗಳನ್ನೂ ನಂಬಿಕೊಳ್ಳಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ನಾಲಿಗೆ ಸಿಹಿಯಿಂದ ದೂರ ಆಗುವುದೇ ನಮಗೆ ಬೇಕಾಗಿರುವುದು, ಸಿಹಿಯ ಬದಲಿ ಅಲ್ಲ.

ಬಿಟ್ಟ ಸಕ್ಕರೆಯ ಜಾಗಕ್ಕೆ ಏನು

ಜಾಸ್ತಿ ಜನ ಕೆಡುವುದು ಇಲ್ಲೇ. ದಿನಕ್ಕೆ 60 ಗ್ರಾಂ ಸಕ್ಕರೆ ಬಿಟ್ಟರೆ 240 ಕ್ಯಾಲೊರಿ ಬಿಟ್ಟ ಹಾಗೆ. ತೂಕ ಇಳಿಸಬೇಕಾದವರಿಗೆ ಇದರಲ್ಲಿ ಅರ್ಧ ಹೋದರೂ ಪರವಾಗಿಲ್ಲ, ಆದರೆ ವಾರಕ್ಕೆ 60–70 ಕಿಲೋಮೀಟರ್ ಓಡುತ್ತಾ ಪೂರ್ತಿ ಬಿಟ್ಟು ಏನೂ ತುಂಬದಿದ್ದರೆ ಸಂಜೆಯ ಹೊತ್ತಿಗೆ ಸಿಹಿಯ ಆಸೆ ತಡೆಯಲು ಆಗುವುದಿಲ್ಲ. ಮನಸ್ಸು ಗಟ್ಟಿ ಇಲ್ಲ ಅಂತ ಬೈದುಕೊಳ್ಳಬೇಡಿ, ಅದು ಹಸಿವು.

75 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಅದೇ 240 ಕ್ಯಾಲೊರಿ ಸಿಗುತ್ತದೆ. ಸುಮಾರು 50 ಗ್ರಾಂ ಕಾರ್ಬ್, ಜೊತೆಗೆ ನಾರು, ಕ್ಯಾಲ್ಸಿಯಂ. ಸೊಪ್ಪಿನ ಸಾರೋ ಬಸ್ಸಾರೋ ಕಾಳಿನ ಹುಳಿಯೋ ಇದ್ದರೆ ಪ್ರೋಟೀನೂ ಸೇರಿತು. ಸರಳ ಅದಲು ಬದಲು.

ದಿನಕ್ಕೆ ಒಂದು ಗಂಟೆಯಷ್ಟು ತರಬೇತಿ ಇರುವವರಿಗೆ ಮೈತೂಕದ ಕಿಲೋಗೆ 5ರಿಂದ 7 ಗ್ರಾಂ ಕಾರ್ಬ್ ಬೇಕು ಅನ್ನುತ್ತಾರೆ ಕ್ರೀಡಾ ಪೌಷ್ಟಿಕತೆಯವರು. 65 ಕಿಲೋಗೆ 325 ಗ್ರಾಂನಿಂದ ಮೇಲೆ. ಕೇಳಿದರೆ ದೊಡ್ಡದು ಅನಿಸುತ್ತದೆ, ತಟ್ಟೆಯಲ್ಲಿ ಹಾಗಿಲ್ಲ. ಬೆಳಗ್ಗೆ ಓಟ ಮುಗಿಸಿ ಐದು ಇಡ್ಲಿ ಸಾಂಬಾರ್, ಹತ್ತು ಗಂಟೆಗೆ ಒಂದು ಪಚ್ಚಬಾಳೆ, ಮಧ್ಯಾಹ್ನ ಒಂದು ಮುದ್ದೆ ಮತ್ತು ಒಂದೂವರೆ ಬಟ್ಟಲು ಅನ್ನ, ಸಂಜೆ ಬೇಯಿಸಿದ ಗೆಣಸು ಅಥವಾ ಅವಲಕ್ಕಿ ಒಗ್ಗರಣೆ, ರಾತ್ರಿ ಎರಡು ಚಪಾತಿ, ಪಲ್ಯ, ಸ್ವಲ್ಪ ಮೊಸರನ್ನ. ಇಷ್ಟಕ್ಕೆ ಹೆಚ್ಚುಕಮ್ಮಿ ಲೆಕ್ಕ ಕೂಡುತ್ತದೆ, ಒಂದು ಚಮಚ ಸಕ್ಕರೆ ಇಲ್ಲದೆ. ಉತ್ತರ ಕರ್ನಾಟಕದವರು ಮುದ್ದೆಯ ಜಾಗಕ್ಕೆ ಜೋಳದ ರೊಟ್ಟಿ, ಜೊತೆಗೆ ಮಡಿಕೆ ಕಾಳು ಪಲ್ಯ ಹಾಕಿಕೊಳ್ಳಿ. ಓಟ ಇಲ್ಲದ ದಿನ ಅನ್ನ ಸ್ವಲ್ಪ ಕಮ್ಮಿ, ತರಕಾರಿ ಜಾಸ್ತಿ. ಅಷ್ಟೇ.

ಸಂಜೆ ನಾಲ್ಕು ಗಂಟೆ ಎಲ್ಲರಿಗೂ ಕಷ್ಟದ ಹೊತ್ತು. ಆಫೀಸಿನಲ್ಲಿ ಯಾರದ್ದೋ ಹುಟ್ಟುಹಬ್ಬದ ಕೇಕು ಅದೇ ಸಮಯಕ್ಕೆ ಬರುತ್ತದೆ. ಬ್ಯಾಗಿನಲ್ಲಿ ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಒಂದು ಹಣ್ಣು ಇದ್ದರೆ ಅದನ್ನು ದಾಟಬಹುದು.

ಲಾಂಗ್ ರನ್ ದಿನದ ನಿಯಮವೇ ಬೇರೆ

ಒಂದು ಗಂಟೆಯೊಳಗಿನ ಓಟಕ್ಕೆ ಯಾವ ಸಕ್ಕರೆಯೂ ಬೇಡ. ನೀರು ಸಾಕು. ಕಬ್ಬನ್ ಪಾರ್ಕಿನಲ್ಲಿ ಎರಡು ಸುತ್ತು ಓಡಿ ಒಂದು ಬಾಟಲ್ ಸ್ಪೋರ್ಟ್ಸ್ ಡ್ರಿಂಕ್ ಕುಡಿಯುವುದು ಸಕ್ಕರೆಯನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟ ಹಾಗೆ. ಗಂಟೆಯೊಳಗಿನ ಜೋರು ರೇಸಿನಲ್ಲಿ ಒಂದು ಗುಟುಕು ಕಾರ್ಬ್ ಬೆರೆಸಿದ ನೀರು ಬಾಯಲ್ಲಿ ಮುಕ್ಕಳಿಸಿ ಉಗಿದರೂ ಮಿದುಳಿಗೆ ಸುದ್ದಿ ಮುಟ್ಟಿ ವೇಗ ಸುಧಾರಿಸುತ್ತದೆ ಅಂತ 2004ರಲ್ಲಿ ಸೈಕಲ್ ಸವಾರರ ಮೇಲೆ ಮಾಡಿದ ಪ್ರಯೋಗ ತೋರಿಸಿದೆ. ನುಂಗುವ ಅಗತ್ಯವೂ ಬೀಳಲಿಲ್ಲ.

ಒಂದೂವರೆ ಗಂಟೆ ದಾಟುವ ಓಟ ಬಂದಾಗ ಮಾತು ಬದಲು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ತಗೊಳ್ಳಿ. ಎರಡೂವರೆ ಗಂಟೆ ದಾಟಿದರೆ ಕೆಲವರು 90ರವರೆಗೂ ಹೋಗುತ್ತಾರೆ, ಆದರೆ ಅದಕ್ಕೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡೂ ಬೆರೆತಿರಬೇಕು. ಯಾಕೆಂದರೆ ಕರುಳಿನಲ್ಲಿ ಅವೆರಡಕ್ಕೂ ಬಾಗಿಲು ಬೇರೆ ಬೇರೆ, ಗ್ಲೂಕೋಸಿನ ಬಾಗಿಲಿನಲ್ಲಿ ಗಂಟೆಗೆ 60 ಗ್ರಾಂಗಿಂತ ಹೆಚ್ಚು ಹೋಗುವುದಿಲ್ಲ. ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮ್ಯಾರಥಾನ್ ಮುಗಿಸುವವರಿಗೆ ಗಂಟೆಗೆ 45 ಗ್ರಾಂ ಒಳ್ಳೆಯ ಗುರಿ.

ಈಗ ಮುಖ್ಯವಾದ ವಿಷಯ. ಮನೆಯಲ್ಲಿ ಸಿಹಿ ಬಿಟ್ಟವರಿಗೆ ಜೆಲ್ ಇನ್ನೂ ಜಾಸ್ತಿ ಸಿಹಿ ಅನಿಸುತ್ತದೆ, ವಾಕರಿಕೆ ಬರುತ್ತದೆ, ಹಾಗಾಗಿ ರೇಸಿನವರೆಗೆ ಮುಂದೂಡುತ್ತಾರೆ. ಮುಂದೂಡಬೇಡಿ. ಕಾಲಿಗೆ ತರಬೇತಿ ಕೊಟ್ಟಷ್ಟೇ ಕರುಳಿಗೂ ಕೊಡಬೇಕು. ರೇಸಿಗೆ ಎಂಟು ಹತ್ತು ವಾರ ಇರುವಾಗಲೇ ಪ್ರತಿ ಲಾಂಗ್ ರನ್‌ನಲ್ಲಿ ಗಂಟೆಗೆ 30 ಗ್ರಾಂನಿಂದ ಶುರು ಮಾಡಿ, ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ಸುಸ್ತಾಗುವವರೆಗೆ ಕಾಯಬೇಡಿ, ಮೊದಲನೆಯದು 35–40 ನಿಮಿಷಕ್ಕೇ ಹೋಗಲಿ. ಬೆವರಿದ ಕೈಯಲ್ಲಿ ಪ್ಯಾಕೆಟ್ ಹರಿಯುವುದಿಲ್ಲ, ಹಲ್ಲಿನಿಂದ ಕಚ್ಚಬೇಕು, ಅರ್ಧ ಬೆರಳಿಗೆ ಅಂಟುತ್ತದೆ, ಆ ಅಂಟು ಮುಂದಿನ ಹತ್ತು ಕಿಲೋಮೀಟರ್ ಹೋಗುವುದಿಲ್ಲ. ಇದನ್ನೂ ಅಭ್ಯಾಸ ಮಾಡಿಕೊಳ್ಳಿ: ನೀರಿನ ಟೇಬಲ್ ಕಾಣಿಸಿದ ಕೂಡಲೇ ತುದಿ ಕಚ್ಚಿ, ಎರಡು ಮೂರು ಸಲಕ್ಕೆ ಹಿಂಡಿ ನುಂಗಿ, ಮೇಲೆ ನೀರು ಕುಡಿದು, ಉಳಿದ ನೀರಲ್ಲಿ ಕೈ ತೊಳೆದುಕೊಳ್ಳಿ. ಜೆಲ್ ಮೇಲೆ ಸ್ಪೋರ್ಟ್ಸ್ ಡ್ರಿಂಕ್ ಕುಡಿಯಬೇಡಿ, ಸಿಹಿಯ ಮೇಲೆ ಸಿಹಿ ಬಿದ್ದು ಹೊಟ್ಟೆಯಲ್ಲೇ ಕೂರುತ್ತದೆ.

ಜೆಲ್ ದುಬಾರಿ, ಒಂದರಲ್ಲಿ ಇರುವುದು 20–25 ಗ್ರಾಂ ಕಾರ್ಬ್. ಎಲ್ಲ ಲಾಂಗ್ ರನ್‌ಗೂ ಅದೇ ಬೇಕಿಲ್ಲ. ಐದಾರು ಸಣ್ಣ ಖರ್ಜೂರದಲ್ಲಿ 30 ಗ್ರಾಂ ಸಿಗುತ್ತದೆ. ಹಿಂದಿನ ರಾತ್ರಿಯೇ ಬೀಜ ತೆಗೆದು, ಒಳಗೆ ಒಂದೊಂದು ಹರಳು ಉಪ್ಪು ಒತ್ತಿ, ಬಟರ್ ಪೇಪರಿನಲ್ಲಿ ಸುತ್ತಿಟ್ಟುಕೊಳ್ಳಿ. ಏಲಕ್ಕಿ ಬಾಳೆ ಮೂರು ತಿಂದರೂ ಅಷ್ಟೇ ಬರುತ್ತದೆ. ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಸಿಹಿ ಒಲ್ಲದವರಿಗೆ ಚೆನ್ನ. ಕಡಲೆ ಚಿಕ್ಕಿ ಮಾತ್ರ ಓಡುವಾಗ ಬೇಡ, ಕಡಲೆಯ ಕೊಬ್ಬು ಜೀರ್ಣ ಆಗಲು ಹೊತ್ತು ಹಿಡಿಯುತ್ತದೆ. 200 ಕಿಲೋಮೀಟರ್ ಸೈಕಲ್ ಬ್ರೆವೆಗೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಹೋಗುವವರು ನಡುವೆ ನಿಂತು ಇಡ್ಲಿ ತಿನ್ನಬಹುದು, ಮೊಸರನ್ನ ತಿನ್ನಬಹುದು, ಓಟಗಾರರ ಹೊಟ್ಟೆ ಅಷ್ಟು ತಡೆಯುವುದಿಲ್ಲ.

ಪಾನಕ ನನಗೆ ತುಂಬಾ ಇಷ್ಟದ ದಾರಿ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಬೆಲ್ಲ, ಅರ್ಧ ನಿಂಬೆಹಣ್ಣು, ಎರಡು ದೊಡ್ಡ ಚಿಟಿಕೆ ಉಪ್ಪು, ಚೂರು ಒಣಶುಂಠಿ. ಬೆಲ್ಲ ಕರಗಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಬಾಟಲಿಯ ಮೂತಿಗೆ ಮರಳು ಸಿಗುತ್ತದೆ. ಇದು ಸುಮಾರು 6 ಪರ್ಸೆಂಟ್ ಸಿಹಿ, ಹೊಟ್ಟೆ ತಡೆಯುವ ಮಟ್ಟ. ದೇವಸ್ಥಾನದ ರಾಮನವಮಿ ಪಾನಕದಷ್ಟು ಗಟ್ಟಿ ಮಾಡಬೇಡಿ.

ಓಆರ್‌ಎಸ್ ಬಗ್ಗೆ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನು ಒಂದು ಲೀಟರಿಗೆ ಕಲಸಿದರೆ ಅದರಲ್ಲಿರುವುದು 13.5 ಗ್ರಾಂ ಗ್ಲೂಕೋಸ್ ಮಾತ್ರ. ಉಪ್ಪಿಗೆ ಒಳ್ಳೆಯದು, ಶಕ್ತಿಗೆ ಸಾಲದು. ಓಆರ್‌ಎಸ್ ಅನ್ನುವ ಹೆಸರು ಹಾಕಿಕೊಂಡು ಟೆಟ್ರಾ ಪ್ಯಾಕಿನಲ್ಲಿ ಬರುತ್ತಿದ್ದ ಸಿಹಿ ಪಾನೀಯಗಳೇ ಬೇರೆ, ಆ ಸೂತ್ರ ಇಲ್ಲದೆ ಆ ಹೆಸರು ಹಾಕಬಾರದು ಅಂತ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಿತು.

ಓಟ ಮುಗಿದ ಮೇಲೆ ದರ್ಶಿನಿ ಇದ್ದೇ ಇದೆ. ಚೌಚೌ ಬಾತ್ ತಟ್ಟೆಯಲ್ಲಿ ಒಂದು ಕಡೆ ಖಾರಾಬಾತ್, ಇನ್ನೊಂದು ಕಡೆ ತುಪ್ಪ ಹೊಳೆಯುವ ಕೇಸರಿಬಾತ್. ವಾರವೆಲ್ಲ ಸಿಹಿ ಬಿಟ್ಟವರಿಗೆ ಅದನ್ನು ತಿನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. 28 ಕಿಲೋಮೀಟರ್ ಓಡಿ ಬಂದ ಸ್ನಾಯು ಖಾಲಿ ಇರುತ್ತದೆ, ಬಂದದ್ದನ್ನೆಲ್ಲ ಗ್ಲೈಕೋಜನ್ ಮಾಡಿಕೊಳ್ಳುತ್ತದೆ. ಕೇಸರಿಬಾತ್ ತಿನ್ನಿ, ಸಂತೋಷವಾಗಿ ತಿನ್ನಿ. ಜೊತೆಗೆ ಪ್ರೋಟೀನ್ ಮರೆಯಬೇಡಿ. ಮನೆಗೆ ಬಂದು ಮೂರು ಮೊಟ್ಟೆಯೋ ಪನೀರೋ ಹೆಸರುಕಾಳು ಉಸಲಿಯೋ ಹೊಟ್ಟೆಗೆ ಹೋಗಲಿ.

ಹಲ್ಲಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದಂತ ಚಿಕಿತ್ಸಾಲಯಕ್ಕೆ ಬಂದ ಕ್ರೀಡಾಪಟುಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಿಗೆ ಹುಳುಕು ಹಲ್ಲು ಇತ್ತು. ಪ್ರತಿ ಜೆಲ್ ಆದ ಮೇಲೆ ನೀರು ಮುಕ್ಕಳಿಸಿ.

ಹಬ್ಬದ ಸಾಲು

ಜನವರಿ ರೇಸಿನ ತಯಾರಿಯ ನಡುವೆಯೇ ಗಣೇಶ, ದಸರಾ, ದೀಪಾವಳಿ ಎಲ್ಲ ಬರುತ್ತವೆ. ಕಡುಬು, ಒಬ್ಬಟ್ಟು, ಕಜ್ಜಾಯ ಬಿಟ್ಟು ಹಬ್ಬ ಮಾಡಿ ಅಂತ ನಾನು ಹೇಳುವುದಿಲ್ಲ. ಅತ್ತೆ ಕೈಯಾರೆ ತಟ್ಟಿದ ಒಬ್ಬಟ್ಟಿನ ಮುಂದೆ ಕೂತು ಗ್ರಾಂ ಲೆಕ್ಕ ಹಾಕುವುದು ಅವರಿಗೂ ಬೇಜಾರು, ನಿಮಗೂ ಹಿಂಸೆ. ಹಬ್ಬದ ದಿನ ಊಟದ ಜೊತೆ, ಎಲೆಯ ಮೇಲೆ ಬಡಿಸಿದ್ದನ್ನು ತಿನ್ನಿ. ಡಬ್ಬಿಯಲ್ಲಿ ಉಳಿದದ್ದು ಮುಂದಿನ ಒಂದು ವಾರ ಕಾಫಿ ಜೊತೆ ಒಂದೊಂದೇ ಖಾಲಿಯಾಗುತ್ತದಲ್ಲ, ಅದನ್ನು ನಿಲ್ಲಿಸಿ. ಸಾಧ್ಯವಾದರೆ ಅವತ್ತು ಬೆಳಗ್ಗೆಯೇ ಲಾಂಗ್ ರನ್ ಇಟ್ಟುಕೊಳ್ಳಿ. ‘ಇನ್ನೊಂದು ಹಾಕಿಸ್ಕೊಳ್ರೀ’ ಅಂದಾಗ ‘ಅನ್ನ ಸಾರು ಹಾಕಿ ಚಿಕ್ಕಮ್ಮ, ಸಾರು ಚೆನ್ನಾಗಿದೆ’ ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. ಡಯಟ್ ಅನ್ನುವ ಪದ ಮಾತ್ರ ಎತ್ತಬೇಡಿ, ಎತ್ತಿದರೆ ಊಟ ಮುಗಿಯುವವರೆಗೂ ಅದೇ ಚರ್ಚೆ.

ನಿಲ್ಲಿಸಿ ನೋಡಬೇಕಾದ ಸೂಚನೆಗಳು

ಬೆಳಗ್ಗೆ ಎದ್ದಾಗಿನ ನಾಡಿ ಬಡಿತ ದಿನದಿಂದ ದಿನಕ್ಕೆ ಏರುತ್ತಿದ್ದರೆ, ನಿಧಾನದ ಓಟವೂ ಭಾರ ಅನಿಸಿದರೆ, ಪದೇ ಪದೇ ನೆಗಡಿ ಬಂದರೆ, ರಾತ್ರಿ ಹಸಿವಿನಿಂದ ಎಚ್ಚರವಾದರೆ ನೀವು ಕಮ್ಮಿ ತಿನ್ನುತ್ತಿದ್ದೀರಿ. ಸಕ್ಕರೆ ವಾಪಸ್ ತರಬೇಡಿ, ಊಟ ಜಾಸ್ತಿ ಮಾಡಿ. ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪಿದರೆ ಅಥವಾ ನಿಂತರೆ ಜಾಸ್ತಿ ಓಡುತ್ತಿರುವುದಕ್ಕೆ ಹೀಗೆ ಅಂತ ಸುಮ್ಮನಾಗಬೇಡಿ. ಓಟಕ್ಕೆ ತಕ್ಕ ಊಟ ಇಲ್ಲದಾಗ ಮೈ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಅದೂ ಒಂದು, ಮುಂದೆ ಮೂಳೆಗೂ ಪೆಟ್ಟು. ಡಾಕ್ಟರನ್ನು ನೋಡಿ.

ರೇಸ್ ವಾರ

ಮುಂಬೈ ರೇಸಿನ ಆಸುಪಾಸಿನಲ್ಲೇ ಸಂಕ್ರಾಂತಿ ಬರುತ್ತದೆ. ಎಳ್ಳು ಬೆಲ್ಲ ಬೀರಲು ಮನೆಮನೆಯಿಂದ ಬರುತ್ತಾರೆ, ಕಾರ್ಬ್ ಲೋಡಿಂಗ್ (ರೇಸಿಗೆ ಮುಂಚೆ ಕಾರ್ಬ್ ಜಾಸ್ತಿ ತಿಂದು ಗ್ಲೈಕೋಜನ್ ತುಂಬಿಸಿಕೊಳ್ಳುವುದು) ಅಂತ ಅದನ್ನೇ ಬೊಗಸೆ ಬೊಗಸೆ ತಿನ್ನುವವರಿದ್ದಾರೆ. ಅದರಲ್ಲಿ ಎಳ್ಳು, ಕೊಬ್ಬರಿ, ಕಡಲೆಕಾಯಿ ಸೇರಿ ಎಣ್ಣೆಯಂಶವೇ ಜಾಸ್ತಿ. ಒಂದು ಹಿಡಿ ತಿಂದು ಒಳ್ಳೆಯ ಮಾತಾಡಿ ಮುಂದೆ ನಡೆಯಿರಿ. ಲೋಡಿಂಗ್‌ಗೆ ಬೇಕಾಗಿರುವುದು ಪಿಷ್ಟ.

ಕೊನೆಯ ಒಂದೂವರೆ ಎರಡು ದಿನ ಮೈತೂಕದ ಕಿಲೋಗೆ 10 ಗ್ರಾಂ ಕಾರ್ಬ್ ಅನ್ನುತ್ತಾರೆ. 65 ಕಿಲೋಗೆ 650 ಗ್ರಾಂ, ಬರೀ ಅನ್ನದಲ್ಲಿ ಅಂದರೆ ಹದಿನಾರು ಬಟ್ಟಲು. ಯಾರಿಗೂ ಆಗುವುದಿಲ್ಲ. ಆದ್ದರಿಂದ ಈ ಎರಡು ದಿನ ಸಕ್ಕರೆಯ ನಿಯಮ ಸಡಿಲಿಸಿ: ಅನ್ನ, ಇಡ್ಲಿ, ಬಿಳಿ ಬ್ರೆಡ್ಡಿಗೆ ಜಾಮ್, ಪಾನಕ, ಜ್ಯೂಸ್, ಬಾಳೆಹಣ್ಣು. ಅಷ್ಟೂ ಆಗದಿದ್ದರೆ ಕಿಲೋಗೆ 8 ಗ್ರಾಂ ಮುಟ್ಟಿದರೂ ಚೆನ್ನಾಗಿಯೇ ಆಯಿತು. ಮುದ್ದೆ, ಸೊಪ್ಪು, ಕಾಳು ಈ ಎರಡು ದಿನ ಕಮ್ಮಿ ಮಾಡಿ, ನಾರು ಜಾಸ್ತಿ ಇದ್ದರೆ ರೇಸಿನ ಬೆಳಗ್ಗೆ ಹೊಟ್ಟೆ ತೊಂದರೆ ಕೊಡುತ್ತದೆ. ತೂಕ ಒಂದೆರಡು ಕಿಲೋ ಏರಿದರೆ ಗಾಬರಿ ಬೇಡ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂರುತ್ತದೆ, ಓಡುವಾಗ ಅದೂ ಬೇಕು.

ಓಟ ಬೆಳಗಾಗುವ ಮೊದಲೇ ಶುರು. ಎರಡೂವರೆ ಗಂಟೆ ಮುಂಚೆ ಎದ್ದು ತಿನ್ನಬೇಕು, ಆ ಹೊತ್ತಿಗೆ ಹೋಟೆಲಿನಲ್ಲಿ ಏನೂ ಸಿಗುವುದಿಲ್ಲ. ಬ್ರೆಡ್, ಬಾಳೆಹಣ್ಣು, ಖರ್ಜೂರ ಊರಿಂದಲೇ ತಗೊಂಡು ಹೋಗಿ, ಅಭ್ಯಾಸದಲ್ಲಿ ತಿಂದದ್ದನ್ನೇ ತಿನ್ನಿ. ಜೆಲ್ ಕೂಡ ಅದೇ ಬ್ರ್ಯಾಂಡ್, ಅದೇ ಫ್ಲೇವರ್. ಸಮುದ್ರದ ಮೇಲಿನ ಸೀ ಲಿಂಕ್ ಸೇತುವೆಯಲ್ಲಿ ಗಾಳಿ ಚೆನ್ನಾಗಿರುತ್ತದೆ, ಮೈ ಹಗುರ ಅನಿಸುತ್ತದೆ, ಈಗ ಜೆಲ್ ಯಾಕೆ ಅನಿಸುತ್ತದೆ. ಗಡಿಯಾರ ನೋಡಿ, ಹೊತ್ತಾಗಿದ್ದರೆ ತಗೊಂಡೇ ಬಿಡಿ.

ರೇಸ್ ಮುಗಿದ ದಿನ ಏನು ಬೇಕೋ ತಿನ್ನಿ. ಮಾರನೇ ದಿನದಿಂದ ಕಾಫಿ ಮತ್ತೆ ವಿತೌಟ್. ಮುಂದಿನ ಎರಡು ಮೂರು ವಾರ ಓಟ ಇರುವುದಿಲ್ಲ ಅಥವಾ ತುಂಬಾ ಕಮ್ಮಿ ಇರುತ್ತದೆ, ಆದರೆ ಹಸಿವು ಮಾತ್ರ ಡಿಸೆಂಬರ್‌ನಷ್ಟೇ ಇರುತ್ತದೆ. ಆಗ ಅನ್ನ ಕಮ್ಮಿ ಮಾಡಿ ಕಾರ್ಬನ್ನು ಮೈತೂಕದ ಕಿಲೋಗೆ 3–4 ಗ್ರಾಂ ಲೆಕ್ಕಕ್ಕೆ ಇಳಿಸಿ, ಪಲ್ಯ, ಕೋಸಂಬರಿ, ಕಾಳು ಜಾಸ್ತಿ ಮಾಡಿ. ಉಳಿದ ಜೆಲ್‌ಗಳ ಮೇಲಿನ ದಿನಾಂಕ ನೋಡಿ ಡಬ್ಬಿಯಲ್ಲಿ ಹಾಕಿಡಿ, ಮುಂದಿನ ಲಾಂಗ್ ರನ್‌ವರೆಗೆ ತೆಗೆಯಬೇಡಿ.